ಬಿಳಿಯ ಟೋಪಿ, ಕರಿಯ ಕಲ್ಲು: ಕ್ಯಾಮೆರಾ ಹೊಂದಾಣಿಕೆಯ ಮೊದಲ ಪಾಠ

ಪ್ರತಿ ವರ್ಷ ಜ್ಯೇಷ್ಠ ಬಹುಳದಲ್ಲಿ, ಮುಂಗಾರಿನ ಮೋಡಗಳು ಸಹ್ಯಾದ್ರಿಯನ್ನು ದಾಟಿ ಬರುವ ವೇಳೆಗೆ, ಪುಣೆ ನಗರಕ್ಕೆ ಎರಡು ಪಲ್ಲಕ್ಕಿಗಳು ಆಗಮಿಸುತ್ತವೆ. ಒಂದು ದೇಹುವಿನಿಂದ ಸಂತ ತುಕಾರಾಮರ ಪಾದುಕೆಗಳನ್ನೂ, ಇನ್ನೊಂದು ಆಳಂದಿಯಿಂದ ಸಂತ ಜ್ಞಾನೇಶ್ವರರ ಪಾದುಕೆಗಳನ್ನೂ ಹೊತ್ತು ತರುತ್ತದೆ. ನಗರದಲ್ಲಿ ತಂಗಿದ ನಂತರ ಇವು ಮುಂದೆ ಸಾಗಿ, ಆಷಾಢ ಏಕಾದಶಿಯ ವೇಳೆಗೆ ಪಂಢರಪುರವನ್ನು ಸೇರುತ್ತವೆ. ಪುರಂದರದಾಸರ ಅಂಕಿತದಲ್ಲಿಯೇ ವಿಠಲನ ಹೆಸರಿರುವುದರಿಂದ ಕನ್ನಡಿಗರಿಗೆ ಈ ಯಾತ್ರೆ ಅಪರಿಚಿತವೇನಲ್ಲ. ಬಿಳಿಯ ಧೋತರ, ಬಿಳಿಯ ಅಂಗಿ, ಬಿಳಿಯ ಟೋಪಿ ಧರಿಸಿ, ತಾಳ ಮೃದಂಗಗಳೊಡನೆ ಸಾಗುವ ವಾರಕರಿಗಳ ಪ್ರವಾಹವು ಪುಣೆಯ ಬೀದಿಗಳನ್ನು ತುಂಬುತ್ತದೆ. ಹೊಸದಾಗಿ ಕ್ಯಾಮೆರಾ ಕೊಂಡವರು ಅಂದು ಮನೆಯಲ್ಲಿ ಕುಳಿತಿರುವುದು ಅಪರೂಪ.

ಸಂಜೆ ಚಿತ್ರಗಳನ್ನು ನೋಡುವಾಗ ಅನೇಕರಿಗೆ ನಿರಾಶೆಯಾಗುತ್ತದೆ. ಕಣ್ಣಿಗೆ ಹಾಲಿನಂತೆ ಕಂಡ ಬಿಳಿಯ ಬಟ್ಟೆ ಚಿತ್ರದಲ್ಲಿ ಬೂದಿಯ ಬಣ್ಣಕ್ಕೆ ತಿರುಗಿರುತ್ತದೆ. ಟೋಪಿಯ ಕೆಳಗಿನ ಮುಖ ಕಪ್ಪಾಗಿ ಕಣ್ಣುಗಳೇ ಕಾಣುವುದಿಲ್ಲ. ಅದೇ ವ್ಯಕ್ತಿ ಮರುದಿನ ಹಳೆಯ ಗುಡಿಯೊಂದರ ಕರಿಯ ಕಲ್ಲಿನ ಗೋಡೆಯನ್ನು ಚಿತ್ರಿಸಿದರೆ ಫಲ ತಿರುವುಮುರುವಾಗಿರುತ್ತದೆ: ಕಲ್ಲು ತನ್ನ ಕಪ್ಪನ್ನು ಕಳೆದುಕೊಂಡು ಮಾಸಲು ಬೂದಿಯಂತೆ ಕಾಣುತ್ತದೆ. ಬಿಳಿಯದೂ ಬೂದು, ಕರಿಯದೂ ಬೂದು. ಕ್ಯಾಮೆರಾ ಕೆಟ್ಟಿಲ್ಲ, ಅಗ್ಗದ್ದೂ ಅಲ್ಲ. ತನ್ನ ಎದುರಿಗೆ ಇರುವುದು ಏನೆಂದು ಅದಕ್ಕೆ ತಿಳಿದಿಲ್ಲ, ಅಷ್ಟೆ. ಅದನ್ನು ತಿಳಿಸುವ ಕೆಲಸ ಹಿಡಿದವರದು. ಕ್ಯಾಮೆರಾದ ಹೊಂದಾಣಿಕೆಗಳೆಂದರೆ ಹಾಗೆ ತಿಳಿಸುವ ಭಾಷೆ.

ಪುಣೆ ಮತ್ತು ಬೆಳಕಿನ ಶಿಕ್ಷಣ

ಈ ಭಾಷೆಯನ್ನು ಕಲಿಸುವುದರಲ್ಲಿ ಪುಣೆಗೆ ದೀರ್ಘ ಪರಂಪರೆಯಿದೆ. 1929ರಲ್ಲಿ ಕೊಲ್ಹಾಪುರದಲ್ಲಿ ಸ್ಥಾಪನೆಯಾದ ಪ್ರಭಾತ್ ಫಿಲ್ಮ್ ಕಂಪನಿಯು 1933ರಲ್ಲಿ ಪುಣೆಗೆ ಸ್ಥಳಾಂತರಗೊಂಡಿತು. ತುಕಾರಾಮರ ಜೀವನವನ್ನು ಆಧರಿಸಿದ ‘ಸಂತ ತುಕಾರಾಂ’ ಚಿತ್ರವು 1936ರಲ್ಲಿ ಈ ಸಂಸ್ಥೆಯಿಂದಲೇ ಹೊರಬಂದಿತು. ಕಂಪನಿ ಮುಚ್ಚಿದ ನಂತರ ಅದರ ಆವರಣದಲ್ಲಿ 1960ರಲ್ಲಿ ಭಾರತ ಸರ್ಕಾರವು ಚಲನಚಿತ್ರ ತರಬೇತಿ ಸಂಸ್ಥೆಯನ್ನು ಆರಂಭಿಸಿತು. ಇಂದು ಭಾರತೀಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ ಎಂದು ಪ್ರಸಿದ್ಧವಾಗಿರುವುದು ಇದೇ. 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವೂ ಪುಣೆಯಲ್ಲಿಯೇ ಸ್ಥಾಪಿತವಾಯಿತು. ಕನ್ನಡದ ಗಿರೀಶ ಕಾಸರವಳ್ಳಿಯವರು ನಿರ್ದೇಶನವನ್ನು ಅಭ್ಯಾಸ ಮಾಡಿದ್ದು ಪುಣೆಯ ಈ ಸಂಸ್ಥೆಯಲ್ಲಿ. 1977ರಲ್ಲಿ ತೆರೆ ಕಂಡ ಅವರ ‘ಘಟಶ್ರಾದ್ಧ’ ಕಪ್ಪು ಬಿಳುಪಿನ ಚಿತ್ರ, ಎಸ್. ರಾಮಚಂದ್ರ ಅವರ ಛಾಯಾಗ್ರಹಣದ ಆ ಚಿತ್ರದಲ್ಲಿ ಬಣ್ಣದ ನೆರವಿಲ್ಲದೆ ಬೆಳಕೊಂದೇ ಕಥೆ ಹೇಳಬೇಕಾಗಿತ್ತು.

ಮೈಸೂರಿನವರಾದ ವಿ. ಕೆ. ಮೂರ್ತಿಯವರು ಈ ವಿದ್ಯೆಯನ್ನು ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಒಂದು ಗೀತೆಗಾಗಿ ಅವರು ಕನ್ನಡಿಗಳ ಸಹಾಯದಿಂದ ಹೊರಗಿನ ಬಿಸಿಲನ್ನು ಸ್ಟುಡಿಯೋದ ಒಳಗೆ ಹಾಯಿಸಿ, ಕತ್ತಲೆಯ ನಡುವೆ ಬೆಳಕಿನ ಕೋಲೊಂದನ್ನು ನಿಲ್ಲಿಸಿದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯು ಅವರಿಗೆ ದೊರೆತಾಗ, ಆ ಗೌರವ ಮೊದಲ ಬಾರಿಗೆ ಛಾಯಾಗ್ರಾಹಕರೊಬ್ಬರಿಗೆ ಸಂದಿತು. ಇಂತಹ ಹಿರಿಯರ ಸಾಧನೆ ದೊಡ್ಡದು. ಆದರೆ ಅವರ ಕ್ಯಾಮೆರಾದಲ್ಲಿಯೂ ಬೆಳಕನ್ನು ಅಳೆಯುವ ಮೂಲ ಸಾಧನಗಳು ಮೂರೇ. ಇಂದಿನ ಹೊಸ ಅಭ್ಯಾಸಿಯ ಕೈಯಲ್ಲಿರುವುದೂ ಅವೇ ಮೂರು: ದ್ಯುತಿರಂಧ್ರ, ಷಟರಿನ ವೇಗ ಮತ್ತು ಸಂವೇದನಶೀಲತೆ.

ದ್ಯುತಿರಂಧ್ರ: ಬೆಳಕು ಬರುವ ಬಾಗಿಲು

ಮಸೂರದ ಒಳಗೆ, ಹಿಗ್ಗಿಸಲು ಮತ್ತು ಕುಗ್ಗಿಸಲು ಬರುವ ಒಂದು ರಂಧ್ರವಿರುತ್ತದೆ. ಅದೇ ದ್ಯುತಿರಂಧ್ರ. ಇದರ ಅಳತೆಯನ್ನು ಎಫ್ ಸಂಖ್ಯೆಯಿಂದ ಸೂಚಿಸುತ್ತಾರೆ: 2, 2.8, 4, 5.6, 8, 11, 16. ಈ ಸಾಲಿನಲ್ಲಿ ಒಂದು ಮೆಟ್ಟಿಲು ಮುಂದೆ ಹೋದರೆ ಒಳಗೆ ಬರುವ ಬೆಳಕು ಅರ್ಧದಷ್ಟಾಗುತ್ತದೆ. ಒಂದು ಮೆಟ್ಟಿಲು ಹಿಂದೆ ಬಂದರೆ ಇಮ್ಮಡಿಯಾಗುತ್ತದೆ.

ಸಂಖ್ಯೆ ದೊಡ್ಡದಾದಂತೆ ರಂಧ್ರ ಚಿಕ್ಕದಾಗುವುದು ಕಲಿಯುವವರನ್ನು ಗೊಂದಲಕ್ಕೆ ಈಡುಮಾಡುತ್ತದೆ. ಇದು ಭಿನ್ನರಾಶಿಯ ಲೆಕ್ಕವೆಂದು ತಿಳಿದರೆ ಗೊಂದಲ ಪರಿಹಾರವಾಗುತ್ತದೆ. ಮಸೂರದ ಸಂಗಮ ದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ರಂಧ್ರದ ವ್ಯಾಸ ದೊರೆಯುತ್ತದೆ. 50 ಮಿಲಿಮೀಟರಿನ ಮಸೂರದಲ್ಲಿ ಎಫ್ 2 ಎಂದರೆ 25 ಮಿಲಿಮೀಟರ್. ಎಫ್ 8 ಎಂದರೆ ಸುಮಾರು 6 ಮಿಲಿಮೀಟರ್. ರೊಟ್ಟಿಯ ಎರಡನೆಯ ಒಂದು ಪಾಲಿಗಿಂತ ಎಂಟನೆಯ ಒಂದು ಪಾಲು ಚಿಕ್ಕದಾಗಿರುವಂತೆಯೇ ಇದು.

ರಂಧ್ರದ ಗಾತ್ರವು ಬೆಳಕನ್ನಷ್ಟೇ ಅಲ್ಲದೆ ಸ್ಪಷ್ಟತೆಯ ಆಳವನ್ನೂ ನಿರ್ಧರಿಸುತ್ತದೆ. ಶನಿವಾರವಾಡೆಯ ದಿಲ್ಲಿ ದರವಾಜೆಯ ಮುಂದೆ ಅಜ್ಜಿಯೊಬ್ಬರನ್ನು ನಿಲ್ಲಿಸಿ ಚಿತ್ರ ತೆಗೆಯುವ ಸಂದರ್ಭವನ್ನು ಪರಿಗಣಿಸಬಹುದು. ಎಫ್ 2.8ರಲ್ಲಿ ತೆಗೆದರೆ ಅಜ್ಜಿಯ ಮುಖ ಸ್ಪಷ್ಟವಾಗಿ, ಹಿಂದಿನ ಬಾಗಿಲು ಮಂಜಾಗಿ ಮೂಡುತ್ತದೆ. ಎಫ್ 11ರಲ್ಲಿ ತೆಗೆದರೆ ಮುಖದ ಗೆರೆಗಳೊಂದಿಗೆ ಬಾಗಿಲಿನ ಕಬ್ಬಿಣದ ಮೊಳೆಗಳೂ ಬಹುಮಟ್ಟಿಗೆ ಎಣಿಸುವಂತೆ ಕಾಣುತ್ತವೆ. ಎರಡರಲ್ಲಿ ಯಾವುದು ಸರಿ ಎಂಬ ಪ್ರಶ್ನೆಗೆ ಕ್ಯಾಮೆರಾದಲ್ಲಿ ಉತ್ತರವಿಲ್ಲ. ಅದು ಅಜ್ಜಿಯ ಚಿತ್ರವೋ, ಅಜ್ಜಿ ಶನಿವಾರವಾಡೆಗೆ ಬಂದ ದಿನದ ಚಿತ್ರವೋ ಎಂಬುದರ ಮೇಲೆ ಉತ್ತರ ನಿಂತಿದೆ.

ಷಟರಿನ ವೇಗ: ಬಾಗಿಲು ತೆರೆದಿರುವ ಕಾಲ

ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕೆಂಬುದನ್ನು ಷಟರ್ ನಿರ್ಧರಿಸುತ್ತದೆ. ಇದರ ಅಳತೆ ಸೆಕೆಂಡಿನ ಭಾಗಗಳಲ್ಲಿ: 1/30, 1/60, 1/125, 1/250, 1/500. ಇಲ್ಲಿಯೂ ಒಂದೊಂದು ಮೆಟ್ಟಿಲಿಗೆ ಬೆಳಕು ಅರ್ಧ ಅಥವಾ ಇಮ್ಮಡಿ.

ನಿಂತು ಭಜನೆ ಮಾಡುತ್ತಿರುವವರಿಗೆ 1/125 ಸಾಕಾಗಬಹುದು. ತಾಳ ಹಿಡಿದು ಕುಣಿಯುವವರ ಕೈಕಾಲು ನಿಶ್ಚಲವಾಗಿ ಮೂಡಬೇಕಾದರೆ 1/500 ಬೇಕಾಗುತ್ತದೆ. ಗಣೇಶೋತ್ಸವದಲ್ಲಿ ಡೋಲು ಬಾರಿಸುವವನ ಕೋಲು ಇನ್ನೂ ವೇಗವಾಗಿ ಚಲಿಸುತ್ತದೆ. ಇದಕ್ಕೆ ವಿರುದ್ಧವಾಗಿ 1/15ರಂತಹ ನಿಧಾನ ವೇಗವನ್ನು ಆರಿಸಿ, ಕ್ಯಾಮೆರಾವನ್ನು ಗೋಡೆಗೆ ಒತ್ತಿ ಹಿಡಿದರೆ, ನಿಂತವರು ಸ್ಪಷ್ಟವಾಗಿ ಉಳಿದು ಕುಣಿಯುವವರು ಹರಿವ ನೀರಿನಂತೆ ಕಾಣುತ್ತಾರೆ. ಮೊದಲನೆಯದು ಭಂಗಿಯನ್ನು ಹಿಡಿಯುತ್ತದೆ, ಎರಡನೆಯದು ಚಲನೆಯನ್ನು.

ಕೈಯ ನಡುಕವೂ ಲೆಕ್ಕಕ್ಕೆ ಬರುತ್ತದೆ. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದಾಗ, ವೇಗವು ಮಸೂರದ ಸಂಗಮ ದೂರದ ಸಂಖ್ಯೆಗಿಂತ ನಿಧಾನವಾಗಿರಬಾರದು ಎಂಬುದು ಹಳೆಯ ನಿಯಮ. 50 ಮಿಲಿಮೀಟರಿಗೆ 1/60, 200 ಮಿಲಿಮೀಟರಿಗೆ 1/250. ನಡುಕ ತಡೆಯುವ ವ್ಯವಸ್ಥೆಯುಳ್ಳ ಮಸೂರಗಳಲ್ಲಿ ಇದಕ್ಕಿಂತ ನಿಧಾನವಾಗಿಯೂ ತೆಗೆಯಬಹುದು. ಆದರೆ ಆ ವ್ಯವಸ್ಥೆ ತಡೆಯುವುದು ಕೈಯ ನಡುಕವನ್ನು ಮಾತ್ರ. ಎದುರಿನ ವ್ಯಕ್ತಿಯ ಚಲನೆಯನ್ನಲ್ಲ.

ಚಿತ್ರ ಅಸ್ಪಷ್ಟವಾಗಿದ್ದರೆ ಕಾರಣವನ್ನು ಚಿತ್ರವೇ ಹೇಳುತ್ತದೆ. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ನಡುಗಿದೆ. ಕಟ್ಟಡ ಸ್ಪಷ್ಟವಾಗಿದ್ದು ನಡೆಯುವವರು ಮಾತ್ರ ಕದಡಿದ್ದರೆ ಷಟರಿನ ವೇಗ ಸಾಲದು. ಮುಖ ಮಂಜಾಗಿ ಹಿಂದಿನ ಗೋಡೆ ಸ್ಪಷ್ಟವಾಗಿದ್ದರೆ ಕ್ಯಾಮೆರಾ ಗೋಡೆಯ ಮೇಲೆ ಫೋಕಸ್ ಮಾಡಿದೆ. ಮೂರು ದೋಷಗಳಿಗೆ ಮೂರು ಪರಿಹಾರಗಳು. ಒಂದಕ್ಕೆ ಇನ್ನೊಂದರ ಮದ್ದು ಹಾಕಿದರೆ ಗುಣವಾಗದು.

ಸಂವೇದನಶೀಲತೆ: ಇಲ್ಲದ ಬೆಳಕಿನ ಸಾಲ

ಐಎಸ್ಒ ಎಂಬ ಸಂಖ್ಯೆಯಿಂದ ಸೂಚಿಸುವ ಮೂರನೆಯ ಹೊಂದಾಣಿಕೆಯು ಬೆಳಕನ್ನು ಹೆಚ್ಚಿಸುವುದಿಲ್ಲ. ಬಂದ ಬೆಳಕಿನ ಸಂಕೇತವನ್ನು ಹಿಗ್ಗಿಸುತ್ತದೆ, ಅಷ್ಟೆ. 100ರಿಂದ 200ಕ್ಕೆ, 200ರಿಂದ 400ಕ್ಕೆ ಹೋದಂತೆ ಅರ್ಧದಷ್ಟು ಬೆಳಕಿನಲ್ಲಿಯೇ ಕೆಲಸ ಸಾಗುತ್ತದೆ. ಧ್ವನಿವರ್ಧಕದ ಶಬ್ದವನ್ನು ಏರಿಸಿದಾಗ ಮಾತಿನೊಂದಿಗೆ ಗೊರಗೊರ ಸದ್ದೂ ಏರುವಂತೆ, ಇಲ್ಲಿ ಚಿತ್ರದೊಂದಿಗೆ ಮರಳಿನಂತಹ ಚುಕ್ಕೆಗಳೂ ಏರುತ್ತವೆ.

ಪುಣೆಯ ಜಂಗಲಿ ಮಹಾರಾಜ ರಸ್ತೆಯಲ್ಲಿರುವ ಪಾತಾಳೇಶ್ವರ ಗುಹಾಲಯವು ಈ ಪಾಠಕ್ಕೆ ಒಳ್ಳೆಯ ಸ್ಥಳ. ಎಂಟನೆಯ ಶತಮಾನದ, ರಾಷ್ಟ್ರಕೂಟರ ಕಾಲದ್ದೆಂದು ಗುರುತಿಸಲಾಗಿರುವ ಈ ಗುಡಿಯನ್ನು ಕಪ್ಪು ಬಸಾಲ್ಟ್ ಶಿಲೆಯಲ್ಲಿ ಕೊರೆಯಲಾಗಿದೆ. ಅಂಗಳದಲ್ಲಿ ವೃತ್ತಾಕಾರದ ನಂದಿ ಮಂಟಪವಿದೆ. ಅಂಗಳದ ಬಿಸಿಲಿನಿಂದ ಕಂಬಗಳ ನಡುವೆ ಹತ್ತು ಹೆಜ್ಜೆ ಒಳಗೆ ನಡೆದರೆ ಬೆಳಕು ಅನೇಕ ಮೆಟ್ಟಿಲುಗಳಷ್ಟು ಇಳಿಯುತ್ತದೆ. ಕಣ್ಣು ತಾನಾಗಿಯೇ ಹೊಂದಿಕೊಳ್ಳುವುದರಿಂದ ಮನುಷ್ಯನಿಗೆ ಆ ಇಳಿತ ಅಷ್ಟಾಗಿ ಅರಿವಾಗದು.

ಒಳಗೆ ಐಎಸ್ಒ 100, ಎಫ್ 4 ಇಟ್ಟಾಗ ಮಾಪಕವು ಅರ್ಧ ಸೆಕೆಂಡು ಕೇಳಿತೆಂದು ಭಾವಿಸೋಣ. ಅಷ್ಟು ಹೊತ್ತು ಯಾರ ಕೈಯೂ ಅಲುಗದೆ ನಿಲ್ಲುವುದಿಲ್ಲ. ಐಎಸ್ಒ 1600ಕ್ಕೆ ಏರಿಸಿದರೆ ನಾಲ್ಕು ಮೆಟ್ಟಿಲು ಲಾಭ. ಕಾಲವು 1/30 ಸೆಕೆಂಡಿಗೆ ಇಳಿಯುತ್ತದೆ. ಉಸಿರು ಬಿಟ್ಟು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ನಿಧಾನವಾಗಿ ಗುಂಡಿ ಅದುಮಿದರೆ ಚಿತ್ರ ಸಾಧ್ಯ. ಚುಕ್ಕೆಗಳಿರುವ ಸ್ಪಷ್ಟ ಚಿತ್ರವು ಚುಕ್ಕೆಗಳಿಲ್ಲದ ಕದಡಿದ ಚಿತ್ರಕ್ಕಿಂತ ಮೇಲು. ಸಂರಕ್ಷಿತ ಸ್ಮಾರಕಗಳಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಬಳಸಲು ಅನುಮತಿ ಬೇಕಾಗುವುದರಿಂದ ಈ ಅಭ್ಯಾಸ ಉಪಯುಕ್ತ.

ಮೂರೂ ಸೇರಿದಾಗ

ಪ್ರಖರ ಬಿಸಿಲಿನಲ್ಲಿ ಎಫ್ 16 ಇಟ್ಟು, ಐಎಸ್ಒ ಸಂಖ್ಯೆಯನ್ನೇ ಷಟರಿನ ವೇಗವಾಗಿ ಆರಿಸಬೇಕೆಂಬುದು ಫಿಲ್ಮ್ ಕಾಲದಿಂದ ಬಂದ ಸೂತ್ರ. ಐಎಸ್ಒ 100ಕ್ಕೆ ಸುಮಾರು 1/125. ಅದೇ ಬೆಳಕನ್ನು ಎಫ್ 8 ಮತ್ತು 1/500 ಎಂಬ ಜೋಡಿಯಿಂದಲೂ ಪಡೆಯಬಹುದು. ರಂಧ್ರ ಎರಡು ಮೆಟ್ಟಿಲು ಹಿಗ್ಗಿದರೆ ಕಾಲ ಎರಡು ಮೆಟ್ಟಿಲು ಕುಗ್ಗುತ್ತದೆ. ಪಲ್ಲಕ್ಕಿಯ ದಿನದ ದಟ್ಟ ಮೋಡದ ಬೆಳಕಿಗೆ ಐಎಸ್ಒ 400, ಎಫ್ 5.6, 1/500 ಎಂಬುದು ಉತ್ತಮ ಆರಂಭ.

ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕು ಎಂಬುದು ಇಲ್ಲಿಯ ಧರ್ಮ. ಚಲನೆಯನ್ನು ನಿಲ್ಲಿಸಬೇಕಾದರೆ ಆಳವನ್ನು ಬಿಡಬೇಕು, ಅಥವಾ ಚುಕ್ಕೆಗಳನ್ನು ಸಹಿಸಬೇಕು. ಆಳ ಬೇಕಾದರೆ ವೇಗವನ್ನು ಬಿಡಬೇಕು. ಕೊಳ್ಳುವ ಕ್ಯಾಮೆರಾ ಎಷ್ಟೇ ದುಬಾರಿಯಾಗಿದ್ದರೂ ಈ ಲೆಕ್ಕ ತಪ್ಪುವುದಿಲ್ಲ.

ಮಾಪಕದ ಕುರುಡು

ಬಿಳಿಯ ಬಟ್ಟೆ ಬೂದಿಯಾಗುವುದೇಕೆ ಎಂಬ ಮೊದಲಿನ ಪ್ರಶ್ನೆಗೆ ಈಗ ಉತ್ತರ ಕಂಡುಕೊಳ್ಳಬಹುದು. ಕ್ಯಾಮೆರಾದ ಒಳಗಿನ ಮಾಪಕವು ದೃಶ್ಯದಿಂದ ಹಿಂದಿರುಗುವ ಬೆಳಕನ್ನು ಅಳೆಯುತ್ತದೆ. ಆ ಬೆಳಕು ಬಲವಾದ ದೀಪದಡಿಯ ಕಪ್ಪು ವಸ್ತುವಿನಿಂದ ಬಂದಿತೋ, ಮಂದ ಬೆಳಕಿನ ಬಿಳಿಯ ವಸ್ತುವಿನಿಂದ ಬಂದಿತೋ ಎಂಬುದನ್ನು ಅರಿಯುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ದೃಶ್ಯವೆಲ್ಲವೂ ಸರಾಸರಿಯಲ್ಲಿ ನಡುಬೂದು, ಎಂದರೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡ 18ನ್ನು ಹಿಂದಿರುಗಿಸುವಂಥದ್ದು, ಎಂಬ ಊಹೆಯ ಮೇಲೆ ಅದು ನಡೆಯುತ್ತದೆ.

ಮರ, ಮಣ್ಣು, ಮನೆ, ಮನುಷ್ಯರು ಬೆರೆತ ಸಾಮಾನ್ಯ ದೃಶ್ಯಗಳಲ್ಲಿ ಈ ಊಹೆ ಬಹುಮಟ್ಟಿಗೆ ಸರಿಹೋಗುತ್ತದೆ. ಆದರೆ ಚೌಕಟ್ಟಿನ ತುಂಬ ಬಿಳಿಯ ಟೋಪಿಗಳಿದ್ದಾಗ ಮಾಪಕವು ಬೆಳಕು ಮಿತಿಮೀರಿದೆಯೆಂದು ಬಗೆದು ಅದನ್ನು ಕಡಿತಗೊಳಿಸುತ್ತದೆ. ಬಿಳಿ ಬೂದಿಯಾಗುತ್ತದೆ, ಮುಖ ಕಪ್ಪಾಗುತ್ತದೆ. ಪಾತಾಳೇಶ್ವರದ ಕರಿಯ ಶಿಲೆಯೆದುರು ಬೆಳಕು ಸಾಲದೆಂದು ಬಗೆದು ಹೆಚ್ಚಿಸುತ್ತದೆ; ಶಿಲೆ ಬಿಳಿಚಿಕೊಳ್ಳುತ್ತದೆ. ಹೊಸ ಕ್ಯಾಮೆರಾಗಳು ಮುಖಗಳನ್ನು ಗುರುತಿಸಿ ಈ ದೋಷವನ್ನು ತಗ್ಗಿಸುತ್ತವೆಯಾದರೂ ಪೂರ್ತಿ ನಿವಾರಿಸುವುದಿಲ್ಲ.

ಪರಿಹಾರ ಸರಳವಾದುದು. ಬಹುತೇಕ ಕ್ಯಾಮೆರಾಗಳಲ್ಲಿ ಅಧಿಕ ಮತ್ತು ಋಣ ಚಿಹ್ನೆಗಳಿರುವ ಒಂದು ಗುಂಡಿಯಿರುತ್ತದೆ. ಬಿಳಿ ಹೆಚ್ಚಿರುವ ದೃಶ್ಯಕ್ಕೆ ಅದನ್ನು ಅಧಿಕದ ಕಡೆಗೆ ಒಂದು ಮೆಟ್ಟಿಲು, ಕಪ್ಪು ಹೆಚ್ಚಿರುವ ದೃಶ್ಯಕ್ಕೆ ಋಣದ ಕಡೆಗೆ ಒಂದು ಮೆಟ್ಟಿಲು ತಿರುಗಿಸಬೇಕು. ಬಿಳಿಗೆ ಬೆಳಕನ್ನು ಹೆಚ್ಚಿಸುವುದು, ಕಪ್ಪಿಗೆ ಕಡಿಮೆ ಮಾಡುವುದು ಮೊದಲ ನೋಟಕ್ಕೆ ವಿಪರೀತವೆನಿಸುತ್ತದೆ. ಮಾಪಕದ ತಪ್ಪನ್ನು ತಿದ್ದುತ್ತಿದ್ದೇವೆಂದು ನೆನೆದರೆ ಅದರ ನ್ಯಾಯ ತಿಳಿಯುತ್ತದೆ. ಆದರೆ ಇದಕ್ಕೂ ಒಂದು ಮಿತಿಯುಂಟು. ಡಿಜಿಟಲ್ ಚಿತ್ರದಲ್ಲಿ ಪೂರ್ತಿ ಬೆಳ್ಳಗಾಗಿ ಸುಟ್ಟುಹೋದ ಭಾಗದಿಂದ ಬಟ್ಟೆಯ ಮಡಿಕೆಗಳನ್ನು ಮತ್ತೆ ತರಲಾಗದು. ಆದ್ದರಿಂದ ಚಿತ್ರ ತೆಗೆದ ಮೇಲೆ ಹಿಸ್ಟೋಗ್ರಾಮ್ ಎಂಬ ನಕ್ಷೆಯನ್ನು ನೋಡಿ, ಅದರ ಬಲ ಅಂಚಿಗೆ ರಾಶಿ ಬಿದ್ದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಇನ್ನೊಂದು ಉಪಾಯಕ್ಕೆ ಯಾವ ಸಾಧನವೂ ಬೇಡ. ಮನುಷ್ಯನ ಅಂಗೈ, ಆತನ ಮೈಬಣ್ಣ ಯಾವುದಾದರೂ, ನಡುಬೂದಿಗಿಂತ ಸುಮಾರು ಒಂದು ಮೆಟ್ಟಿಲು ತಿಳಿಯಾಗಿರುತ್ತದೆ. ಎದುರಿನವರ ಮೇಲೆ ಬೀಳುವ ಬೆಳಕಿನಲ್ಲಿಯೇ ಅಂಗೈಯನ್ನು ಹಿಡಿದು, ಅದರಿಂದ ಅಳತೆ ತೆಗೆದು, ಒಂದು ಮೆಟ್ಟಿಲು ಬೆಳಕು ಹೆಚ್ಚಿಸಿದರೆ ಬಿಳಿಯ ಟೋಪಿಗೂ ಕರಿಯ ಕಲ್ಲಿಗೂ ಒಂದೇ ಅಳತೆ ಸಲ್ಲುತ್ತದೆ.

ಬೆಳಕಿನ ದಿಕ್ಕು ಮತ್ತು ಬಣ್ಣ

ಹೊಂದಾಣಿಕೆ ಎಷ್ಟೇ ಸರಿಯಿದ್ದರೂ ಬೆಳಕಿನ ದಿಕ್ಕನ್ನು ಅದು ಬದಲಿಸಲಾರದು. 1732ರಲ್ಲಿ ಪೂರ್ಣಗೊಂಡ ಶನಿವಾರವಾಡೆಯ ದಿಲ್ಲಿ ದರವಾಜೆಯು ಉತ್ತರಕ್ಕೆ ಮುಖ ಮಾಡಿದೆ. ಚಳಿಗಾಲದಲ್ಲಿ ಸೂರ್ಯನು ದಕ್ಷಿಣದಲ್ಲಿ ಸಾಗುವುದರಿಂದ ಬಾಗಿಲು ದಿನವಿಡೀ ನೆರಳಿನಲ್ಲಿದ್ದು, ಅದರ ಹಿಂದಿನ ಆಕಾಶ ಪ್ರಖರವಾಗಿರುತ್ತದೆ. ಆಗ ಬಾಗಿಲಿಗೆ ಅಳತೆ ಹೊಂದಿಸಿದರೆ ಆಕಾಶ ಸುಡುತ್ತದೆ. ಆಕಾಶಕ್ಕೆ ಹೊಂದಿಸಿದರೆ ಬಾಗಿಲು ಕತ್ತಲಾಗುತ್ತದೆ. ಪುಣೆಯು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣದಲ್ಲಿ, ಸುಮಾರು 18.5 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಡುಹಗಲಿನ ಸೂರ್ಯನೂ ತುಸು ಉತ್ತರಕ್ಕೆ ವಾಲಿರುತ್ತಾನೆ. ಆ ತಿಂಗಳುಗಳ ಬೆಳಿಗ್ಗೆ ಮತ್ತು ಸಂಜೆ ಓರೆಬಿಸಿಲು ಬಾಗಿಲನ್ನು ಸವರಿ, ಮೊಳೆಗಳ ನೆರಳನ್ನು ಚೆಲ್ಲುತ್ತದೆ. ತಿಂಗಳು ಮತ್ತು ಗಳಿಗೆಯನ್ನು ಆರಿಸುವುದೂ ಒಂದು ಹೊಂದಾಣಿಕೆಯೇ.

ಬೆಳಕಿಗೆ ಬಣ್ಣವೂ ಉಂಟು. ನಡುಹಗಲಿನ ಬಿಸಿಲಿನ ವರ್ಣತಾಪ ಸುಮಾರು 5500 ಕೆಲ್ವಿನ್. ಹಳೆಯ ಬಗೆಯ ತಂತಿಯ ಬಲ್ಬಿನದು ಸುಮಾರು 2800. ಆದ್ದರಿಂದ ಬಲ್ಬಿನ ಕೆಳಗೆ ಹಗಲಿನ ಹೊಂದಾಣಿಕೆಯಲ್ಲಿ ತೆಗೆದ ಚಿತ್ರ ಅರಿಶಿನ ಬಳಿದಂತಿರುತ್ತದೆ. ವೈಟ್ ಬ್ಯಾಲೆನ್ಸ್ ಎಂಬ ಹೊಂದಾಣಿಕೆ ಇದನ್ನು ಸರಿಪಡಿಸುತ್ತದೆ. ಆದರೆ ದೀಪದ ಬೆಳಕಿನಲ್ಲಿ ನಡೆಯುವ ಆರತಿಯ ಹೊಂಬಣ್ಣವನ್ನು ಪೂರ್ತಿ ಅಳಿಸಿದರೆ ಆರತಿಯೇ ಕಳೆದಂತಾಗುತ್ತದೆ.

ಮೊಬೈಲ್ ಫೋನಿನಲ್ಲಿ

ಇಂದು ಬಹಳ ಜನರ ಕೈಯಲ್ಲಿರುವ ಕ್ಯಾಮೆರಾ ಮೊಬೈಲ್ ಫೋನೇ. ಹೆಚ್ಚಿನ ಫೋನುಗಳಲ್ಲಿ ದ್ಯುತಿರಂಧ್ರ ಸ್ಥಿರವಾಗಿದ್ದು, ಉಳಿದೆರಡನ್ನು ಯಂತ್ರವೇ ನಿರ್ಧರಿಸುತ್ತದೆ. ಆದರೂ ಮೇಲಿನ ಪಾಠ ವ್ಯರ್ಥವಲ್ಲ. ಪರದೆಯಲ್ಲಿ ಮುಖದ ಮೇಲೆ ಬೆರಳಿಟ್ಟರೆ ಫೋಕಸ್ ಮತ್ತು ಅಳತೆ ಎರಡೂ ಅಲ್ಲಿಗೆ ಬರುತ್ತವೆ. ಅನೇಕ ಫೋನುಗಳಲ್ಲಿ ಆಗ ಮೂಡುವ ಸೂರ್ಯನ ಚಿಹ್ನೆಯನ್ನು ಸರಿಸಿದರೆ ಬೆಳಕು ಏರಿಳಿಯುತ್ತದೆ. ಅಧಿಕ ಮತ್ತು ಋಣ ಚಿಹ್ನೆಗಳ ಗುಂಡಿ ಮಾಡುವ ಕೆಲಸವೇ ಇದು.

ಅಭ್ಯಾಸದ ಕ್ರಮ

ಮೂರನ್ನೂ ಒಮ್ಮೆಗೇ ಕಲಿಯಲು ಹೊರಡುವುದು ಹೊಸಬರ ಸಾಮಾನ್ಯ ತಪ್ಪು. ಮೊದಲ ವಾರ ಎ ಅಥವಾ ಎವಿ ಎಂಬ ಗುರುತಿನ ವಿಧಾನದಲ್ಲಿ ದ್ಯುತಿರಂಧ್ರವನ್ನು ಮಾತ್ರ ಬದಲಿಸುತ್ತ, ಒಂದೇ ವಸ್ತುವನ್ನು ಎಲ್ಲ ಸಂಖ್ಯೆಗಳಲ್ಲಿಯೂ ತೆಗೆದು ಹೋಲಿಸಬೇಕು. ಎರಡನೆಯ ವಾರ ಎಸ್ ಅಥವಾ ಟಿವಿ ಎಂಬ ವಿಧಾನದಲ್ಲಿ, ರಸ್ತೆಯ ಸೈಕಲ್ ಸವಾರರನ್ನು ಬೇರೆ ಬೇರೆ ವೇಗಗಳಲ್ಲಿ ತೆಗೆಯಬೇಕು. ಮೂರನೆಯ ವಾರ ಸಂಜೆಯಾದಂತೆ ಐಎಸ್ಒವನ್ನು ಏರಿಸುತ್ತ ಚುಕ್ಕೆಗಳನ್ನು ಗಮನಿಸಬೇಕು. ನಾಲ್ಕನೆಯ ವಾರ ಬಿಳಿಯ ಗೋಡೆಯ ಮುಂದೆ ಬಿಳಿಯ ಬಟ್ಟೆಯನ್ನೂ, ಕರಿಯ ಕಂಬಳಿಯ ಮೇಲೆ ಕಪ್ಪು ಕಲ್ಲನ್ನೂ ಇಟ್ಟು, ಮಾಪಕದ ತಪ್ಪನ್ನು ತಿದ್ದಬೇಕು. ಅನಂತರವೇ ಎಂ ಎಂಬ, ಎಲ್ಲವನ್ನೂ ಕೈಯಿಂದ ಹೊಂದಿಸುವ ವಿಧಾನಕ್ಕೆ ಕೈ ಹಾಕುವುದು ಲೇಸು.

ಒಂದು ಸುರುಳಿಯಲ್ಲಿ 36 ಚಿತ್ರಗಳಷ್ಟೇ ಇದ್ದ ಫಿಲ್ಮ್ ಕಾಲದಲ್ಲಿ, ಶ್ರದ್ಧೆಯುಳ್ಳ ಅಭ್ಯಾಸಿಗಳು ಪ್ರತಿಯೊಂದು ಚಿತ್ರದ ಹೊಂದಾಣಿಕೆಯನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಫಲಿತಾಂಶ ತಿಳಿಯಲು ಸುರುಳಿಯನ್ನು ಸಂಸ್ಕರಿಸುವವರೆಗೆ ಕಾಯಬೇಕಾಗಿತ್ತು. ಇಂದು ಈ ವಿವರಗಳೆಲ್ಲ ಚಿತ್ರದ ಕಡತದಲ್ಲಿಯೇ ದಾಖಲಾಗುತ್ತವೆ. ಅವನ್ನು ತೆರೆದು ಓದುವ ಅಭ್ಯಾಸವೊಂದೇ ಉಳಿದಿರುವ ಕೆಲಸ.

ಕೊನೆಯದಾಗಿ, ಜನರ ಚಿತ್ರ ತೆಗೆಯುವಾಗ ಅವರ ಸಮ್ಮತಿಯನ್ನು ಪಡೆಯುವುದು ಸೌಜನ್ಯ. ವಾರಕರಿಗಳು ಹೊರಟಿರುವುದು ವಿಠೋಬನ ದರ್ಶನಕ್ಕೆ, ಕ್ಯಾಮೆರಾದ ಮುಂದೆ ನಿಲ್ಲುವುದಕ್ಕಲ್ಲ. ಪಲ್ಲಕ್ಕಿ ಮತ್ತೆ ಬರುವುದು ವರ್ಷದ ಮೇಲೆ. ಪಲ್ಲಕ್ಕಿ ಬಂದರೂ, ಈ ವರ್ಷ ತಾಳ ಹಿಡಿದು ನಡೆದ ಮುದುಕರೊಬ್ಬರು ಬರುವ ವರ್ಷ ಬರುವರೆಂದು ಹೇಳಲಾಗದು. ಅವರ ಮುಖ ಟೋಪಿಯ ಕೆಳಗಿನ ಕಪ್ಪು ಕಲೆಯಾಗಿ ಉಳಿಯದೆ, ಕಣ್ಣಿನ ಹೊಳಪಿನೊಂದಿಗೆ ಅವರ ಮೊಮ್ಮಕ್ಕಳ ಕೈ ಸೇರಬೇಕಾದರೆ, ಆ ಒಂದು ಮೆಟ್ಟಿಲನ್ನು ಯಾವ ಕಡೆಗೆ ತಿರುಗಿಸಬೇಕೆಂಬುದು ಆ ಗಳಿಗೆಗೆ ಮೊದಲೇ ಬೆರಳಿಗೆ ತಿಳಿದಿರಬೇಕು.